ಒಂಬತ್ತು ಗಂಟೆಗೆ ಮುಚ್ಚಿದ ಪಟ್ಟಿ

ದೀಪ ಬೇಕಾದ್ರೆ ಉರೀತಾ ಇರಲಿ, ಆದ್ರೆ ನಡುವೆ ಬಾಯಿ ಹಾಕಬೇಡಿ. ಇದು ಅವರಿವರು ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗ ಇದಾನಲ್ಲ, ನಮ್ಮಣ್ಣ, ಅವನಿಗೇ ಆಗಿದ್ದು.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಅಣ್ಣ ಗೋದಾಮಿನಿಂದ ಮನೆಗೆ ನಡ್ಕೊಂಡು ಬರ್ತಿದ್ದ. ಒಬ್ಬನೇ. ದಾರೀಲಿ ಒಂದು ಹಾಳುಬಾವಿ ಇದೆ, ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಗಾಳಿ ಬೀಸಿದ್ರೆ ಅದು 'ಕುಂಯ್ಯ್' ಅನ್ನುತ್ತೆ. ಬಾವಿ ಹತ್ತಿರ ಬರೋ ಹೊತ್ತಿಗೆ ಹಿಂದಿನಿಂದ ಒಂದು ಬೈಕು... ಡುಗ್... ಡುಗ್ ಡುಗ್... ಅದರ ಜೊತೆಗೇ ಟಪ್... ಟಪ್... ಹಿಂದಿನ ಪೆಟ್ಟಿಗೆಯ ಸಡಿಲ ಮುಚ್ಚಳ ಹೊಡ್ಕೊಳ್ಳೋ ಸದ್ದು.

ಆ ಸದ್ದು ಅಣ್ಣನಿಗೆ ಗೊತ್ತು. ಗೊತ್ತಿದ್ದಕ್ಕೇ ಬಿರಬಿರನೆ ಹೆಜ್ಜೆ ಹಾಕಿದ. ಆ ಬೈಕಿನವನು ಸತ್ತು ಇಪ್ಪತ್ತು ದಿನ ಆಗಿತ್ತು.

ತಡೀರಿ, ಮೊದಲಿಂದ ಹೇಳ್ತೀನಿ.

ಅಣ್ಣ ಇದ್ದಿದ್ದು ಮನೆಮನೆಗೆ ಸಾಮಾನು ತಲುಪಿಸೋ ಕಂಪನೀಲಿ. ಯಾವ ಬೈಕಿನವನು ಯಾವ ಮನೆಗೆ ಹೋಗಬೇಕು ಅನ್ನೋ ಪಟ್ಟಿ ಇವನ ಕಂಪ್ಯೂಟರಿನಿಂದ ಅವರ ಫೋನಿಗೆ ಹೋಗೋದು. ಅದಕ್ಕೇ ಎಲ್ಲರೂ ಅವನನ್ನ ಪಟ್ಟಿ ಅಣ್ಣ ಅಂತಿದ್ರು. ಅವನಿಗೆ ಗಾಡಿ ಇಲ್ಲ. ರಾತ್ರಿ ಕೆಲಸ ಮುಗಿದ ಮೇಲೆ ಗುಬ್ಬಿ ಮನೆ ತನಕ ಬಿಡೋನು. ಗುಬ್ಬಿ ಅಂದ್ರೆ ಬೈಕಿನವರಲ್ಲಿ ಎಲ್ಲರಿಗಿಂತ ಕುಳ್ಳ, ಎರಡು ಮಕ್ಕಳ ಅಪ್ಪ. ಗಾಡಿ ನಿಲ್ಸಿದ್ರೆ ಕಾಲು ನೆಲಕ್ಕೆ ಎಟುಕೋದೇ ಕಷ್ಟ, ಬಾಯಿ ಮಾತ್ರ ಏಳು ಬೀದಿಗೆ ಕೇಳಿಸೋದು.

ರಾತ್ರಿ ಒಂಬತ್ತಕ್ಕೆ ಎಲ್ಲಾ ಪಟ್ಟಿ ಮುಚ್ಚಲೇಬೇಕು ಅಂತ ಮ್ಯಾನೇಜರ್ ಹಟ. ಇಲ್ಲಾಂದ್ರೆ ಮೇಲಿನ ಆಫೀಸಿನಿಂದ ಅವನಿಗೆ ಬೈಗುಳ. ಪಟ್ಟಿ ಮುಚ್ಚಿದ ಕೂಡಲೇ ಬೈಕಿನವನ ಫೋನಿನಿಂದ ವಿಳಾಸ ಮಾಯ. ಡಬ್ಬದ ಮೇಲೆ ನೋಡೋಣ ಅಂದ್ರೆ ಅಲ್ಲಿ ಬರೀ ಕಪ್ಪು ಗೆರೆಗಳು, ಹೆಸರಿಲ್ಲ, ಮನೆ ನಂಬರಿಲ್ಲ. ತಲುಪಿಸದೆ ವಾಪಸ್ ತಂದ್ರೆ ಅವನದೇ ತಪ್ಪು. ಮೂರು ತಪ್ಪಾದ್ರೆ ಮನೆ ಕಡೆ ದಾರಿ. ಹೇಗಿದೆ ನ್ಯಾಯ?

ಆ ದಿನ ಗುಬ್ಬಿ ಹತ್ರ ಒಂದೇ ಒಂದು ಡಬ್ಬ ಉಳಿದಿತ್ತು.

"ಸಾರ್, ಇನ್ನೊಂದು ಹತ್ತು ನಿಮಿಷ. ಗುಬ್ಬಿ ಇನ್ನೂ ದಾರೀಲಿದಾನೆ," ಅಂದ ಅಣ್ಣ.

"ಮುಚ್ರೀ ಅಂದ್ರೆ ಮುಚ್ರೀ," ಅಂದ ಮ್ಯಾನೇಜರ್.

ಅಣ್ಣ ಮುಚ್ಚಿದ. ಎರಡೇ ನಿಮಿಷಕ್ಕೆ ಫೋನು ಬಡ್ಕೊಳ್ತು. ಗುಬ್ಬೀದು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ... ಅಣ್ಣ ಎತ್ತಲಿಲ್ಲ. ಮೂರು ಸಲ ಬಡ್ಕೊಂಡು ಸುಮ್ಮನಾಯ್ತು. ನಾಲ್ಕನೇ ಸಲ ಮಾಡೋಕೆ ಗುಬ್ಬಿ ಫೋನ್ ನೋಡ್ತಾ ಇದ್ದಾಗಲೇ ಲಾರಿ ಬಂದು ಗುದ್ದಿತು.

ಮಾರನೆ ದಿನ ಕಂಪನಿ ಒಂದು ಕಾಗದ ತಯಾರು ಮಾಡ್ತು. ಗುಬ್ಬಿ ತಾನೇ ಫೋನ್ ಮಾಡಿ ಕೆಲಸ ಮುಗೀತು ಅಂದ, ಆಮೇಲೆ ಸ್ವಂತ ಕೆಲಸಕ್ಕೆ ಹೋಗ್ತಿದ್ದ, ಅವನ ಸಾವಿಗೂ ಕಂಪನಿಗೂ ಸಂಬಂಧವಿಲ್ಲ ಅಂತ. ಕೆಳಗೆ ಸಹಿ ಹಾಕಿದ್ದು ಯಾರು ಅಂತೀರಿ? ನಮ್ಮಣ್ಣ. "ಹೊಟ್ಟೆಪಾಡು, ಏನು ಮಾಡ್ಲಿ," ಅಂತ ನನ್ನ ಮುಂದೆ ಅತ್ತ. ಆಗ ನಾನೂ ಸುಮ್ಮನಿದ್ದೆ. ಅದು ನನಗೆ ಇವತ್ತಿಗೂ ಚುಚ್ಚುತ್ತೆ.

ಬೈಕಿನವರೆಲ್ಲ ಕೆಲಸ ನಿಲ್ಸಿ ಗೇಟಿನ ಮುಂದೆ ಕೂತ್ರು. ಗುಬ್ಬಿ ಹೆಂಡತೀನೂ ಮಕ್ಕಳನ್ನ ಕರ್ಕೊಂಡು ಬಂದು ಕೂತ್ಲು. ಅವರು ಕೇಳಿದ್ದು ಒಂದೇ ಮಾತು: "ಕೆಲಸದಲ್ಲಿದ್ದಾಗಲೇ ಸತ್ತ ಅಂತ ಬರೆದುಕೊಡಿ." ಕಂಪನಿ ಹೊರಗಿನಿಂದ ಬೇರೆ ಬೈಕಿನವರನ್ನ ಕರೆಸಿ ಕೆಲಸ ನಡೆಸ್ತು, ಇವರಿಗೆ ಮಾತ್ರ ಬಾಗಿಲು ತೆಗೀಲಿಲ್ಲ.

ಅಣ್ಣ ದಿನಾ ಅವರ ನಡುವೆಯೇ ಹಾದು ಒಳಗೆ ಹೋಗಬೇಕು. ಯಾರೂ ಬೈತಿರಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಇವನು ಬಂದ್ರೆ ಮಾತು ನಿಲ್ತಿತ್ತು, ದಾಟಿದ ಮೇಲೆ ಶುರುವಾಗ್ತಿತ್ತು. ಒಳಗೂ ಅದೇ ಪಾಡು. ಜೊತೆಯವರನ್ನೇ ಮಾರಿದವನು ನಾಳೆ ನಮ್ಮನ್ನ ಬಿಡ್ತಾನಾ ಅಂತ ಆಫೀಸಿನವರೂ ಇವನಿಂದ ದೂರ. ಅತ್ತ ದರಿ, ಇತ್ತ ಪುಲಿ. ಟೀ ಕುಡಿಯೋಕೆ ಜೊತೆಯಿಲ್ಲ, ಮನೆಗೆ ಬಿಡೋರಿಲ್ಲ. ಹಾಗಾಗಿ ರಾತ್ರಿ ಆ ಬಾವಿ ದಾರೀಲಿ ಒಬ್ಬನೇ ನಡೀತಿದ್ದ.

ಈಗ ಕೇಳಿ. ಬೈಕು ಬಂದು ಪಕ್ಕದಲ್ಲೇ ನಿಂತಿತು. ಅಣ್ಣ ತಿರುಗಿ ನೋಡಲಿಲ್ಲ. ಮುಚ್ಚಳ ಒಂದು ಸಲ ಟಪ್ ಅಂತು... ಆಮೇಲೆ ಪಿಸುದನಿ.

"ಅಣ್ಣಾ... ಅಡ್ರೆಸ್ ಕಾಣ್ತಿಲ್ಲ."

ಅಣ್ಣ ಬಾವಿ ಕಡೆಗೇ ನೋಡ್ತಾ ಅಂದ, "ಗುಬ್ಬಿ..."

"ಫೋನ್ ಮಾಡಿದೆ. ನೀವು ಎತ್ತಲಿಲ್ಲ."

ಮುಚ್ಚಳ ಮತ್ತೊಂದು ಸಲ ಟಪ್ ಅಂತು.

"ಒಂದೇ ಉಳಿದಿರೋದು ಅಣ್ಣಾ. ಕೊಟ್ಟು ಹೋಗ್ಬಿಡ್ತೀನಿ. ಎಲ್ಲಾ ಬಾಗಿಲೂ ಬಡಿದೆ... ಯಾರೂ ತೆಗೀತಿಲ್ಲ."

ಹೆದರಿಕೆ ಹೋಗಿದ್ದು ಆಗಲೇ ಅಂತಾನೆ ಅಣ್ಣ. ಗೋದಾಮಿನವರ ಪೈಕಿ ಇಪ್ಪತ್ತು ದಿನದಲ್ಲಿ ಅವನನ್ನ ಬಾಯ್ತುಂಬ ಅಣ್ಣಾ ಅಂದವನು ಗುಬ್ಬಿ ಒಬ್ಬನೇ.

"ಇಲ್ಲೇ ಇರು ಕಣೋ," ಅಂದು ಗೋದಾಮಿಗೆ ವಾಪಸ್ ಹೋದ. ಗೇಟಿನ ಹತ್ರ ಎಲ್ಲರೂ ಮಲಗಿದ್ರು. ಒಳಗೆ ಫ್ಯಾನು ಮಾತ್ರ ಕಿರ್ರ್... ಕಿರ್ರ್... ಅಂತಿತ್ತು. ಮುಚ್ಚಿದ ಪಟ್ಟಿ ಮತ್ತೆ ತೆಗೀಬೇಕಾದ್ರೆ ಕಂಪ್ಯೂಟರ್ ಸುಮ್ಮನೆ ಬಿಡಲ್ಲ, ಕಾರಣ ಬರೀರಿ ಅನ್ನುತ್ತೆ. ಬರೆದದ್ದು ನೇರ ಮೇಲಿನ ಆಫೀಸಿಗೆ ಹೋಗುತ್ತೆ, ಆಮೇಲೆ ಯಾರಪ್ಪನ ಕೈಲೂ ಅಳಿಸೋಕಾಗಲ್ಲ. ಬರೆದ್ರೆ ಕೆಲಸ ಹೋಯ್ತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ತುಂಬಾ ಹೊತ್ತು ಕೂತಿದ್ದನಂತೆ. ಆಮೇಲೆ ಎರಡೇ ಬೆರಳಲ್ಲಿ ಕುಟ್ಟಿದ.

"ಗುಬ್ಬಿ ಇನ್ನೂ ದಾರಿಯಲ್ಲಿದ್ದ. ಮ್ಯಾನೇಜರ್ ಮುಚ್ಚು ಅಂದರು, ನಾನು ಮುಚ್ಚಿದೆ. ಅವನು ಫೋನ್ ಮಾಡಿದ, ನಾನು ಎತ್ತಲಿಲ್ಲ. ನಾನು ಸಹಿ ಹಾಕಿದ ಕಾಗದ ಸುಳ್ಳು."

ವಿಳಾಸ ಬಂತು. ಅದನ್ನ ಬಾಯಲ್ಲಿ ಹೇಳ್ಕೊಳ್ತಾ ಬಾವಿ ತನಕ ಓಡಿದ. ಬೈಕು ಅಲ್ಲೇ ಇತ್ತು... ಡುಗ್... ಡುಗ್...

"ಎರಡನೇ ತಿರುವು. ನೀಲಿ ಗೇಟು. ಮೆಟ್ಟಿಲು ಹತ್ತಿ ಎಡಗಡೆ ಮನೆ," ಅಂತ ಮೆಲ್ಲಗೆ ಹೇಳಿದ. ಆಮೇಲೆ, "ತಪ್ಪಾಯ್ತು ಕಣೋ," ಅಂದ.

ಗಾಳಿಗೆ ಜಾಲರಿ 'ಕುಂಯ್ಯ್' ಅಂತು.

"ಹತ್ತಿ ಅಣ್ಣಾ. ಇಷ್ಟೊತ್ತಲ್ಲಿ ನಡ್ಕೊಂಡು ಹೋಗ್ತೀರಾ?"

ಅಲ್ಲಿಂದಾಚೆ ಅವನಿಗೆ ನೆನಪಿಲ್ಲ. ಅತ್ತಿಗೆ ಹೇಳೋದು ಇಷ್ಟು: ಎರಡೂವರೆಗೆ ಬೈಕ್ ಬಂದು ಬಾಗಿಲ ಹತ್ರ ನಿಂತ ಸದ್ದು ಕೇಳ್ತು, ತೆಗೆದು ನೋಡಿದ್ರೆ ಗಂಡ ಒಬ್ಬನೇ ನಿಂತು ಮಗು ಥರ ಅಳ್ತಿದಾನೆ. "ಯಾರು ರೀ ಬಿಟ್ಟಿದ್ದು?" ಅಂದ್ಳು. "ಗುಬ್ಬಿ" ಅಂದ. ಪಾಪ, ಮೂರು ದಿನ ಜ್ವರ ಬಂದಿದ್ದು ಅವನಿಗಲ್ಲ, ಅತ್ತಿಗೆಗೆ.

ಬೆಳಿಗ್ಗೆ ಮ್ಯಾನೇಜರ್ ತಲೆಕೆಳಗಾಗಿ ನಿಂತ್ರೂ ಆ ಬರಹ ಅಳಿಸೋಕಾಗಲಿಲ್ಲ, ಸುದ್ದಿ ಗೇಟಿನವರಿಗೂ ಮುಟ್ತು. ಅದೇ ವಾರ ಕಂಪನಿ, ಗುಬ್ಬಿ ಕೆಲಸದಲ್ಲಿದ್ದಾಗಲೇ ಸತ್ತ ಅಂತ ಬರೆದುಕೊಡ್ತು. ಅಣ್ಣನ ಕೆಲಸ ಅಷ್ಟರಲ್ಲೇ ಹೋಗಿತ್ತು. ಕೆಲಸ ಹೋದ ದಿನ ಚೀಲ ಹಿಡ್ಕೊಂಡು ಗೇಟು ದಾಟುವಾಗ ಗುಬ್ಬಿ ಹೆಂಡತಿ ಮುಖ ಎತ್ತಿ ನೋಡಲಿಲ್ಲ. ಚಾಪೆ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಲು. ಅಣ್ಣ ಹೋಗಿ ಕೂತ.

ನಗ್ತಿದೀರಿ, ಗೊತ್ತು. ಕನಸು ಅಂತೀರಿ. ಮನಸ್ಸು ಕೊರೀತಿತ್ತು, ನಡ್ಕೊಂಡೇ ಬಂದು ಏನೋ ಬಡಬಡಿಸಿದಾನೆ ಅಂತೀರಿ. ಸರಿ. ಆದ್ರೆ ಆ ಬೆಳಿಗ್ಗೆ ಅವನ ಕಾಲಿಗೆ ಮುಲಾಮು ಹಚ್ಚಿದವರು ಯಾರು? ನಾನು. ಬಲಗಾಲು, ಮೀನಖಂಡದ ಒಳಬದಿ, ಅಂಗೈ ಅರ್ಧದಷ್ಟು ಸುಟ್ಟು ನೀರುಗುಳ್ಳೆ ಎದ್ದಿತ್ತು. ಹಿಂದೆ ಕೂತವರಿಗೆ ಸೈಲೆನ್ಸರ್ ತಾಗಿದ್ರೆ ಆಗುತ್ತಲ್ಲ, ಅಂಥದ್ದೇ ಗಾಯ. ಇನ್ನೂ ಕಲೆ ಇದೆ, ಬೇಕಾದ್ರೆ ಹೋಗಿ ನೋಡಿ.