ದಿಲ್ಲಿಯ ಕಾರಕೂನ

ಕೆನಡಾದ ಒಶಾವಾ ಊರಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಕಾಲೇಜು ಓದುವ ಮೊಮ್ಮಗಳು ನಿಂತಿದ್ದರು. ಹುಡುಗಿ ಫೋನಿನಲ್ಲಿ ಹಳೆಯ ಸರ್ಕಾರಿ ಕಡತವೊಂದನ್ನು ತೋರಿಸುತ್ತಿದ್ದಳು.

“ಅಜ್ಜಿ, ಇಲ್ಲಿ ನೋಡ್ರಿ, ನಿಮ್ಮಪ್ಪಾರ ಹೆಸರು, ಫೋಟೋ! ಯುದ್ಧದಾಗ ಜಪಾನಿನ ಸೀಕ್ರೆಟ್ ಕೋಡ್ ಬಿಡಿಸ್ಯಾರ.”

“ದಿಲ್ಲಿಯೊಳಗ ಕಾರಕೂನ ಇದ್ದೆ ಅಂತಿದ್ದರವ್ವಾ. ಆಮ್ಯಾಲೆ ಧಾರವಾಡದಾಗ ಗಣಿತ ಕಲಿಸಿದರು, ಅಷ್ಟ ಗೊತ್ತು ನಮಗ.”

“ಸೀಕ್ರೆಟ್ ಕೆಲಸ ಅಲ್ಲೇನ್ರಿ, ಯಾರಿಗೂ ಹೇಳೂಹಂಗ ಇರಲಿಲ್ಲ.”

“ಯುದ್ಧಕ್ಕ ಅಂಜಿ ಕುರ್ಚಿ ಹಿಡದ ಅಂತ ನಮ್ಮ ಕಾಕಾ ಮಂದಿ ಮುಂದ ಹಂಗಸ್ತಿದ್ದ. ಅಪ್ಪ ಸುಮ್ಮನ ನಗತಿದ್ದರು.”

“ಮನ್ಯಾಗೂ ಹೇಳಲಿಲ್ಲಾ?”

“ಅವ್ವಗೂ ಹೇಳಲಿಲ್ಲ. ಕೊಟ್ಟ ಮಾತು ಸಾಯೂತನಕ ಉಳಿಸಿಕೊಂಡರು ನೋಡು.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರ ಬಸ್ಸು ಬಂತು. ಹತ್ತುವಾಗ ಅಜ್ಜಿ ಮೊಮ್ಮಗಳ ಫೋನು ತೆಗೆದುಕೊಂಡು ಆ ಫೋಟೋವನ್ನು ಡ್ರೈವರನ ಮುಖದ ಮುಂದೆ ಹಿಡಿದು, “ಮೈ ಫಾದರ್” ಎಂದರು.