ಕಿಟಕಿಯಿಂದ ಬಿದ್ದ ಮೊಟ್ಟೆ

ಆ ಕಡೆ ತಿರುಗಬೇಡ. ಗೋಡೆ ಜೊತೆ ಮಾತಾಡೋಕೆ ನಾನು ಮೆಟ್ಟಿಲು ಹತ್ತಿ ಬಂದಿಲ್ಲ. ಈ ಕಡೆ ತಿರುಗು, ನಿನ್ನ ಅಕ್ಕನ ಮುಖ ನೋಡಿ ಹೇಳು... ಬೆಳಿಗ್ಗೆ ಕೊಟ್ಟ ಮೊಟ್ಟೆ ಕಿಟಕಿ ಕೆಳಗೆ ಹೇಗೆ ಹೋಯ್ತು?

ಎರಡೂ ತಿಂದೆ, ಚೆನ್ನಾಗಿತ್ತು ಅಂದೆಯಲ್ಲ. ಉಪ್ಪಿಲ್ಲದ ಮೊಟ್ಟೆ ಚೆನ್ನಾಗಿತ್ತು ಅಂತ ಯಾವ ಮನುಷ್ಯ ಹೇಳ್ತಾನೋ? ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಂದಿದ್ದು ಆ ನಾಯಿ ನೋಡಿದ ಮೇಲೆ. ಪಕ್ಕೆಲುಬು ಎಣಿಸೋ ಹಾಗಿದ್ದ ಬೀದಿನಾಯಿ, ಈಗ ಮೈ ಮಿರಿಮಿರಿ ಮಿಂಚ್ತಾ ಇದೆ. ನಾನು ಅಡುಗೆಮನೇಲಿ ತಟ್ಟೆ ಸದ್ದು ಮಾಡಿದ್ರೆ ಸಾಕು, ನಿನ್ನ ಕಿಟಕಿ ಕೆಳಗೆ ಬಂದು ಬಾಲ ಆಡಿಸ್ಕೊಂಡು ನಿಲ್ಲುತ್ತೆ.

ಯಾಕೋ ನಗ್ತೀಯಾ? ನಗಬೇಡ. ನನಗೆ ಮೈಯೆಲ್ಲ ಉರೀತಾ ಇದೆ. ಲಿವರ್ ಕಸಿ ಆಗಬೇಕಿರೋದು ಯಾರಿಗೆ, ನಿನಗೋ ಆ ನಾಯಿಗೋ?

ಇದು ಊಟ ಅಲ್ಲ, ಔಷಧಿ ಅಂದ್ಕೊಳ್ಳಿ ಅಂತ ಆಸ್ಪತ್ರೆಯ ಡಯಟ್ ಡಾಕ್ಟರಮ್ಮ ಎಷ್ಟು ಸಲ ಹೇಳಿದ್ರು. ಲಿವರ್ ಕೆಟ್ಟವರ ಮೈಯಲ್ಲಿ ಕೂಡಿಟ್ಟ ಶಕ್ತಿ ಉಳಿಯಲ್ವಂತೆ. ಹೊಟ್ಟೆ ಖಾಲಿ ಬಿಟ್ಟು ಮಲಗಿದ್ರೆ ಮೈ ತನ್ನ ಮಾಂಸಾನೇ ಕರಗಿಸಿ ತಿನ್ನುತ್ತಂತೆ. ಅದಕ್ಕೇ ಮಲಗೋ ಮುಂಚೆ ಏನಾದ್ರೂ ತಿನ್ನಲೇಬೇಕು ಅಂದ್ರು. ಹೊಟ್ಟೇಲಿ ನೀರು ತುಂಬಿರೋದಕ್ಕೆ ಎರಡು ತುತ್ತಿಗೇ ಸಾಕು ಅನ್ಸುತ್ತೆ, ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ ಅಂದ್ರು. ನನಗೇನು ಬೇರೆ ಕೆಲಸ ಇಲ್ಲ ಅಂತ ದಿನವಿಡೀ ಬಟ್ಟಲು ಹಿಡ್ಕೊಂಡು ನಿನ್ನ ಹಿಂದೆ ಸುತ್ತುತೀನಾ?

ಏನು? ಜೋರಾಗಿ ಹೇಳು... ಚಿಕ್ಕಮ್ಮನಾ?

ಹೂಂ, ಚಿಕ್ಕಮ್ಮ. ಕಿತ್ತಳೆಹಣ್ಣು ಹಿಡ್ಕೊಂಡು ಬಂದ್ರು, ಮಂಚದ ಅಂಚಲ್ಲಿ ಕೂತ್ರು. ಲಿವರ್ ರೋಗಿಗೆ ಮೊಟ್ಟೆ, ಬೇಳೆ ಎಲ್ಲ ವಿಷ, ಗಂಜಿ ನೀರು ಸಾಕು ಅಂದ್ಬಿಟ್ರು. ಒಂದು ಕಾಲದಲ್ಲಿ ಡಾಕ್ಟರುಗಳೂ ಹಾಗೇ ಹೇಳ್ತಿದ್ರಂತೆ, ಆ ಕಾಲ ಹೋಯ್ತು. ಇದೇ ಚಿಕ್ಕಮ್ಮ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ತಾ ನನ್ನ ಕಿವೀಲಿ ಏನು ಕೇಳಿದ್ರು ಗೊತ್ತಾ? ಎಷ್ಟು ವರ್ಷದಿಂದ ಕುಡೀತಿದ್ದ ಅಂತ. ಹೆಂಡದ ವಾಸನೆ ಕಂಡರಾಗದ ನಿನ್ನನ್ನ! ರಕ್ತದಲ್ಲಿ ಸೋಂಕು ಸೇರಿ ಹೀಗಾಯ್ತು ಅಂತ ಇನ್ನೂ ಎಷ್ಟು ಜನಕ್ಕೆ ಸಾರಿಕೊಂಡು ಬರಲಿ ನಾನು? ಅಂಥವರ ಮಾತು ನಿನಗೆ ವೇದವಾಕ್ಯ, ನನ್ನ ಮಾತು ಕಸ.

ಕೈ ಚಾಚು. ಚಾಚೋ. ಲಾರಿ ಟೈರನ್ನ ಒಬ್ಬನೇ ಎತ್ತಿ ನಿಲ್ಲಿಸ್ತಿದ್ದ ಕೈ ಇದು. ನಿನ್ನ ಪಂಕ್ಚರ್ ಅಂಗಡಿಗೆ ಬಂದ ಡ್ರೈವರುಗಳು ಟೀ ಕುಡಿಯೋದು ಬಿಟ್ಟು ನಿನ್ನನ್ನೇ ನೋಡ್ತಾ ನಿಲ್ತಿದ್ರು. ಈಗ ನನ್ನ ಬಳೆ ಹಾಕಿದ್ರೆ ಮೊಣಕೈವರೆಗೂ ಜಾರುತ್ತೆ. ತೂಕ ಜಾಸ್ತಿ ಆಗಿದೆ ಅಂತ ಬೀಗ್ತೀಯಲ್ಲ, ಅದು ನೀರು ಕಣೋ, ಬರೀ ನೀರು. ಆಸ್ಪತ್ರೇಲಿ ಕೈಗೆ ಎಷ್ಟು ಬಲ ಇದೆ ಅಂತ ನೋಡೋಕೆ ಆ ಮೀಟರಿನ ಹಿಡಿ ಅಮುಕಿಸಿದ್ರಲ್ಲ, ಅದರ ಮುಳ್ಳು ಎಷ್ಟು ಅಲ್ಲಾಡ್ತು ಅಂತ ನೀನೇ ನೋಡಿದೆ.

ಆದರೂ ಸರ್ಜನ್ ಸಾಹೇಬ್ರು ನಿನ್ನ ಬಗ್ಗೆ ಒಳ್ಳೇ ಮಾತೇ ಆಡಿದ್ರು. ಧೈರ್ಯವಂತ ಅಂದ್ರು. ನಮ್ಮ ಸರದಿ ಹತ್ತಿರದಲ್ಲೇ ಇದೆ ಅಂದ್ರು. ಅದಕ್ಕೇ ನಾನು ಸ್ನಾನಕ್ಕೆ ಹೋದ್ರೂ ಫೋನು ಬಾಗಿಲ ಹತ್ತಿರವೇ ಇಟ್ಕೊಂಡಿರ್ತೀನಿ. ಲಿವರ್ ಸಿಕ್ತು, ಬನ್ನಿ ಅಂತ ಇವತ್ತು ಫೋನ್ ಬರಬಹುದು, ನಾಳೆ ಬರಬಹುದು. ಬಂದಾಗ ನೀನು ಗಟ್ಟಿಯಾಗಿರಬೇಕಲ್ವಾ? ಆಸ್ಪತ್ರೆಗೆ ಹೋಗಿಬಂದ ಆ ವಾರದಿಂದಲೇ ಆ ನಾಯಿ ಊದ್ಕೊಳ್ತಾ ಇದೆ, ನಾನು ಲೆಕ್ಕ...

ಯಾಕೆ ಹಾಗೆ ನೋಡ್ತೀಯಾ?

ಫೋನ್ ಬರುತ್ತೆ ಅಂದೆ. ಬರಲ್ಲ ಅಂತೀಯಾ? ಜಗಳ ಆಡು. ಸುಮ್ಮನೆ ನನ್ನನ್ನೇ ದಿಟ್ಟಿಸಬೇಡ...

ಅವತ್ತು... ನೀನು ಸರ್ಜನ್ ಸಾಹೇಬ್ರ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಾನೇ ಕೂರಿಸಿ ಹೋಗಿದ್ದೆ. ಬಾಗಿಲು ಹಾಕಿರಲಿಲ್ವಾ?

ಅಯ್ಯೋ, ಪಾಪಿ. ಎಲ್ಲಾ ಕೇಳಿಸ್ಕೊಂಡಿದ್ದೀಯ.

ಇಷ್ಟು ದಿನ ನಾನು ಫೋನು ಹಿಡ್ಕೊಂಡು ನಾಟಕ ಆಡೋದನ್ನ ಕೂತು ನೋಡಿದೆಯಲ್ಲೋ. ನೀನು ಎದೆಗುಂದಬಾರದು ಅಂತ ನಾನು ಸುಳ್ಳು ಹೇಳಿದೆ. ನಾನು ನೊಂದ್ಕೊಳ್ಳಬಾರದು ಅಂತ ನೀನು ಚೆನ್ನಾಗಿತ್ತು ಅಂತ ತಟ್ಟೆ ಖಾಲಿ ಮಾಡಿ ಕೊಟ್ಟೆ. ಚೆನ್ನಾಗಿದೆ ನಮ್ಮ ಸಂಸಾರ.

ಕೇಳು, ಪೂರ್ತಿ ಕೇಳು. ನೀನು ಅರ್ಧ ಕೇಳಿ ಎದ್ದುಹೋಗಿರಬೇಕು, ನಿನ್ನ ಬುದ್ಧಿ ಗೊತ್ತು ನನಗೆ. ಈ ಮೈ ಆಪರೇಷನ್ ತಡೆಯಲ್ಲ, ಸದ್ಯಕ್ಕೆ ಪಟ್ಟಿಯಿಂದ ಹೆಸರು ಪಕ್ಕಕ್ಕಿಡ್ತೀವಿ ಅಂದ್ರು. ನಿಜ. ಪಕ್ಕಕ್ಕಿಡ್ತೀವಿ ಅಂದ್ರು, ಹೊಡೆದುಹಾಕ್ತೀವಿ ಅನ್ನಲಿಲ್ಲ. ಮೈಗೆ ಸ್ವಲ್ಪ ಬಲ ಬಂದ್ರೆ ಮತ್ತೆ ನೋಡ್ತೀವಿ, ಸೇರಿಸೋ ಸಾಧ್ಯತೆ ಇದೆ ಅಂದ್ರು. ಬಾಯಿಂದ ಇಳೀದಿದ್ರೆ ಮೂಗಿಂದ ಸಣ್ಣ ಕೊಳವೆ ಹಾಕಿ ಹೊಟ್ಟೆಗೇ ಊಟ ಕೊಡಬಹುದು ಅಂತಾನೂ ಅಂದ್ರು. ಅದನ್ನ ನಿನಗೆ ಹೇಳಲಿಲ್ಲ. ಕೊಳವೆ ಅಂದ್ರೆ ನೀನು ಹೆದರ್ತೀಯ ಅಂತ... ಅಲ್ಲ. ಸುಳ್ಳು ಸಾಕು. ನಾನೇ ಹೆದರಿದ್ದು. ಮೂಗಲ್ಲಿ ಕೊಳವೆ ಹಾಕ್ಕೊಂಡು ಮಲಗಿರೋ ನಿನ್ನನ್ನ ನೋಡೋ ಧೈರ್ಯ ನನಗೆ ಬರಲಿಲ್ಲ.

ಹಾಕಿಸ್ಕೊಳ್ತೀಯಾ? ಬಾಯಲ್ಲಿ ಹೇಳೋದು ಬೇಡ, ತಲೆ ಆಡಿಸು ಸಾಕು.

...ಆಡಿಸೋ.

ಹಾಂ. ನಾಳೆ ಬೆಳಿಗ್ಗೆನೇ ಹೋಗೋಣ. ಅಲ್ಲಿವರೆಗೂ ಈ ಬಟ್ಟಲು. ಕಿಟಕಿ ನಾನು ಮುಚ್ತೀನಿ. ಇಲ್ಲೇ ಕೂತಿರ್ತೀನಿ, ಆದರೆ ಬೈಯಲ್ಲ ಅಂತ ಮಾತ್ರ ಅಂದ್ಕೋಬೇಡ. ನಾನು ಬೈತಾ ಇರ್ತೀನಿ, ನೀನು ನುಂಗ್ತಾ ಇರು.