ಪಕ್ಕದ ಸೀಟು ಗಟ್ಟಿಯಾಗುವ ತನಕ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಎಷ್ಟು ಶ್ರೀಮಂತ ಎಂದು ಕೇಳಬೇಡಿ. ಹೇಳಿದರೆ ನಿಮಗೆ ಕಥೆ ಮರೆತು ಹೊಟ್ಟೆಕಿಚ್ಚು ಶುರುವಾಗುತ್ತದೆ. ಅವನದು ದೊಡ್ಡ ರೆಡಿಮೇಡ್ ಬಟ್ಟೆ ಅಂಗಡಿ. ಗಿರಾಕಿ ಇನ್ನೂ ಮೆಟ್ಟಿಲ ಮೇಲಿರುವಾಗಲೇ ಇವನು ಗಲ್ಲಾದಿಂದ ಅಳತೆ ಹೇಳಿಬಿಡುತ್ತಿದ್ದ. ಅಂಥ ಕಣ್ಣು.

ಅವನಿಗಿದ್ದ ಒಂದೇ ಕಾಯಿಲೆ, ನೋಡಿ, ಅವಸರ. ಮದುವೆಮನೆಗೆ ಹೋದರೆ ಹೆಂಡತಿ ಚಪ್ಪಲಿ ಬಿಡುವಷ್ಟರಲ್ಲಿ ಇವನು ಎಲೆಯ ಮುಂದೆ. ಅವಳ ಎಲೆಗೆ ಪಾಯಸ ಬೀಳುವಷ್ಟರಲ್ಲಿ ಇವನು ಕಾರಿನೊಳಗೆ. ಪೀಂ ಪೀಂ, ಪೀಂ ಪೀಂ. ನಗಬೇಡಿ ತಾಯಂದಿರೇ, ನಿಮ್ಮ ಯಜಮಾನರು ಗುಡಿಯ ಆಚೆ ಸಾಲಿನಿಂದ ನಿಮ್ಮನ್ನೇ ನೋಡುತ್ತಿದ್ದಾರೆ.

ಕಡೆಗೆ ಅವಳು ಅವನ ಜೊತೆ ಹೊರಡುವುದನ್ನೇ ಬಿಟ್ಟಳು. ಜಗಳವಿಲ್ಲ, ಕೂಗಾಟವಿಲ್ಲ. ಎಲ್ಲಿಗೆ ಕರೆದರೂ “ನೀವು ಹೋಗ್ಬನ್ನಿ” ಅಷ್ಟೆ. ಅವನಿಗೆ ಒಳಗೊಳಗೇ ಚುರುಕ್ ಎನ್ನುತ್ತಿತ್ತು. ಆದರೆ ಆ ಪುಣ್ಯಾತ್ಮ ಏನು ಮಾಡಿದ? ಇನ್ನೂ ಚುರುಕಾಗಿ ಓಡುವ ಕಾರು ತಂದರೆ ಬಂದಾಳು ಎಂದುಕೊಂಡ.

ಊರಾಚೆ ಒಂದು ಪುಟ್ಟ ಕಾರ್ಖಾನೆ ಇತ್ತು. ತಗಡಿನ ಶೆಡ್ಡು, ಕೈಬೆರಳಲ್ಲಿ ಎಣಿಸುವಷ್ಟು ಜನ. ರೇಸಿನ ಕಾರಿನಂಥ, ಎರಡೇ ಸೀಟಿನ ಕಾರುಗಳನ್ನು ಅಲ್ಲಿ ಕೈಯಿಂದಲೇ ಕಟ್ಟುತ್ತಿದ್ದರು. ಅದರ ಒಡತಿ ಗಟ್ಟಿ ದನಿಯ ದಪ್ಪ ಹೆಂಗಸು. ಶ್ರೀಮಂತ ಅಲ್ಲಿ ಒಂದು ಕಾರಿಗೆ ಮುಂಗಡ ಕೊಟ್ಟ. ನೋಡಲು ಹೋದಾಗ ಅವನ ಕಾರು ಚಕ್ರವಿಲ್ಲದೆ, ಎಂಜಿನ್ ಇಲ್ಲದೆ, ಮರದ ದಿಮ್ಮಿಗಳ ಮೇಲೆ ಬೋಗುಣಿಯಂತೆ ಕೂತಿತ್ತು. ಅವನು ಒಳಗಿಳಿದ. ಸ್ಟಿಯರಿಂಗ್ ಹಿಡಿದ. ಆಚೀಚೆ ನೋಡಿ, ಯಾರೂ ಇಲ್ಲವೆಂದುಕೊಂಡು, ಬಾಯಲ್ಲೇ ವ್ರೂಂಂಂ ಎಂದ.

“ಎಂಜಿನ್ ಇನ್ನೂ ಬಂದಿಲ್ಲ ಯಜಮಾನ್ರೆ,” ಎಂದಳು ಬೆನ್ನ ಹಿಂದೆ ನಿಂತಿದ್ದ ಒಡತಿ. “ಆದ್ರೆ ನೀವಿರೋವಾಗ ಯಾಕೆ ಬೇಕು?”

ಆಮೇಲೆ ಅವಳು ಅಲ್ಲಿನ ಪದ್ಧತಿ ಹೇಳಿದಳು. ಸೀಟು ಅಂಗಡಿಯಿಂದ ತರುವುದಲ್ಲ. ದೊಡ್ಡ ಚೀಲದೊಳಗೆ ಫೋಮಿನ ದ್ರವ ಸುರಿದು ಅದರ ಮೇಲೆ ಮನುಷ್ಯನನ್ನೇ ಕೂರಿಸುತ್ತಾರೆ. ಅದು ಉಬ್ಬಿ ಬೆನ್ನಿಗೆ, ಸೊಂಟಕ್ಕೆ ಒತ್ತಿಕೊಂಡು, ಕೂತವರದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅಲುಗಾಡುವಂತಿಲ್ಲ. ಗಾಡಿ ಇಕ್ಕಟ್ಟು, ಭುಜಕ್ಕೆ ಭುಜ ತಾಗಬಾರದೆಂದರೆ ಇಬ್ಬರೂ ಬರಬೇಕು. ಪಕ್ಕದಲ್ಲಿ ಕೂರುವವರು ಯಾರು?

ಹೆಂಡತಿ ಎಂದ. ಅವಳು ಬರುವುದಿಲ್ಲ, ಮೀಡಿಯಂ ಸೈಜು ಹಾಕಿಬಿಡಿ ಎಂದ.

“ಮೀಡಿಯಂ ಅನ್ನೋ ಹೆಂಗಸನ್ನ ನಾನು ಎಲ್ಲೂ ನೋಡಿಲ್ಲ. ಎಷ್ಟೆತ್ತರ ಇದ್ದಾರೆ, ಅದನ್ನಾದ್ರೂ ಹೇಳಿ.”

ಅವನು ಕೈಯನ್ನು ತನ್ನ ಭುಜದ ಮಟ್ಟಕ್ಕೆ ಹಿಡಿದ. ಕಿವಿಯವರೆಗೆ ಏರಿಸಿದ. ಭುಜದವರೆಗೆ ಬರುತ್ತಾಳೋ? ಕಿವಿಯವರೆಗೋ? ಊರಿಗೆಲ್ಲ ಅಳತೆ ಹೇಳುವವನಿಗೆ ಇದೊಂದು ಹೊಳೆಯಲಿಲ್ಲ. ಹೇಗೆ ಹೊಳೆದೀತು ಹೇಳಿ? ಮದುವೆಯಾದಾಗಿನಿಂದ ಅವಳು ಅವನ ಬೆನ್ನ ಹಿಂದೆಯೇ ಇದ್ದಳು. ಪಕ್ಕದಲ್ಲಿ ನಿಂತಿದ್ದರೆ ತಾನೇ ಗೊತ್ತಾಗುವುದು?

ಮನೆಗೆ ಬಂದ. ಕಾರಿನ ವರ್ಣನೆ ಮಾಡಬೇಕೆಂದಿದ್ದವನ ಬಾಯಿಂದ ಬೇರೆಯೇ ಮಾತು ಬಂತು. “ನೀನೆಷ್ಟು ಎತ್ತರ ಅಂತ ಕೇಳಿದ್ರು ಕಣೆ. ನಂಗೆ ಗೊತ್ತಾಗ್ಲಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಒಲೆ ಆರಿಸಿ, ಚಪ್ಪಲಿ ಮೆಟ್ಟಿದಳು.

ಹುಟ್ಟುಗುಣ ಎಲ್ಲಿಗೆ ಹೋದೀತು? ಕಾರ್ಖಾನೆಯಲ್ಲಿ ಮತ್ತೆ ಇವನೇ ಮುಂದೆ. ನನ್ನದು ಮೊದಲು ಸುರಿಯಿರಿ ಎಂದು ಹಟ ಹಿಡಿದು ಕೂತ. ಸುರಿದರು. ಸಿಕ್ಕಿಬಿದ್ದ! ಅಲುಗಿದರೆ ಸೀಟು ಹಾಳು. ಹೆಂಡತಿಯೋ, ಒಡತಿ ಕೊಟ್ಟ ಟೀ ಲೋಟ ಹಿಡಿದು ಶೆಡ್ಡೆಲ್ಲ ಸುತ್ತಿದಳು. ತಗಡು ಮುಟ್ಟಿ ನೋಡಿದಳು, ಬಣ್ಣ ಬಳಿಯುವವನ ಹತ್ತಿರ ಅವನ ಮಗಳ ಬಾಣಂತನ ವಿಚಾರಿಸಿದಳು. ಇವನು ತೋಯ್ದ ಬೆಕ್ಕಿನಂತೆ ಕಣ್ಣು ಮಾತ್ರ ಹೊರಳಿಸುತ್ತ ಕೂತಿದ್ದ. ಹಾರನ್ ಹೊಡೆಯದೆ ಅವಳಿಗಾಗಿ ಅವನು ಕಾದದ್ದು, ನೋಡಿ, ಅದೇ ಮೊದಲು.

ಕೊನೆಗೆ ಅವಳು ಬಂದಳು. ಕಾರು ನೆಲಕ್ಕಂಟಿದಷ್ಟು ತಗ್ಗು. ಒಂದು ಕೈ ಒಡತಿಯ ಹೆಗಲ ಮೇಲಿಟ್ಟು, ಇನ್ನೊಂದರಿಂದ ಮಂಡಿ ಹಿಡಿದು, ಹಲ್ಲು ಕಚ್ಚಿ ಇಳಿದಳು. ಬೇಗ ಎನ್ನಲು ಹೊರಟವನು ಅದನ್ನು ಕಂಡು ಕೇಳಿದ.

“ಮಂಡಿನೋವು ಯಾವಾಗಿಂದ?”

“ನೀವು ಹಾರನ್ ಹೊಡೆಯೋಕೆ ಶುರು ಮಾಡಿದಾಗಿಂದ.”

ಅವಳ ಸೀಟಿಗೂ ಸುರಿದ ಫೋಮು ಉಬ್ಬತೊಡಗಿತು, ಬೆಚ್ಚಗೆ. ಅವಳಿಗೆ ಕಚಗುಳಿಯಾಗಿ ನಗು ಬಂತು. ಅಲುಗಬೇಡ ಎಂದು ಗದರಲು ಹೋಗಿ ಇವನಿಗೂ ನಗು. ಆಗ ಕಂಡ: ಕೂತಾಗ ಅವಳ ಮುಂದಲೆ ಅವನ ಕಿವಿಯ ಮಟ್ಟಕ್ಕೆ ಬರುತ್ತಿತ್ತು.

ಒಡತಿ ಬಂದು ಬೆರಳಿಂದ ಒತ್ತಿ ನೋಡಿದಳು. “ನಿಮ್ಮದು ಗಟ್ಟಿಯಾಯ್ತು ಯಜಮಾನ್ರೆ. ಏಳಬಹುದು.”

ಅವನು ಏಳಲಿಲ್ಲ.

“ಇವಳದೂ ಆಗ್ಲಿ,” ಎಂದ.

ಹೆಂಡತಿ ಮುಂದೆ ನೋಡುತ್ತಲೇ, ಮೆಲ್ಲಗೆ, ಬಾಯಲ್ಲೇ ಪೀಂ ಪೀಂ ಎಂದಳು.

ಆ ಕಾರು ಆಮೇಲೆ ಎಷ್ಟು ಜೋರಾಗಿ ಓಡಿತು? ನನಗೆ ಗೊತ್ತಿಲ್ಲ, ನಿಮಗೂ ಬೇಡ. ಚಕ್ರವಿಲ್ಲದ ಕಾರಿನಲ್ಲಿ ಕೂತು ಅವನು ತಲುಪಬೇಕಾದ ಜಾಗ ತಲುಪಿಯಾಗಿತ್ತು. ನಾವೋ? ಮನೆಯವರಿಗಾಗಿಯೇ ಓಡುತ್ತೇವೆ, ಮನೆಯವರನ್ನೇ ಹಿಂದೆ ಬಿಟ್ಟು ಓಡುತ್ತೇವೆ. ದೇವರ ಎದುರು ಕೈಮುಗಿದು ಅರ್ಧ ಗಂಟೆ ಅಲುಗದೆ ಕೂರುವವರು ಅಮ್ಮನ ಮಾತು ಮುಗಿಯುವ ತನಕ ಕೂತಿದ್ದೇವೆಯೇ?

ದೊಡ್ಡದೇನೂ ಬೇಡ. ಇವತ್ತು ಪ್ರಸಾದ ತೆಗೆದುಕೊಂಡ ಮೇಲೆ ಸ್ಕೂಟರಿನ ಕಡೆ ಓಡಬೇಡಿ. ಮನೆಯವರ ಚಪ್ಪಲಿ ಸಿಗುವ ತನಕ ಅಲ್ಲೇ ನಿಲ್ಲಿ. ಪಕ್ಕದಲ್ಲಿ ನಡೆಯಿರಿ. ಭುಜದವರೆಗೆ ಬರುತ್ತಾರೋ, ಕಿವಿಯವರೆಗೋ, ಒಮ್ಮೆ ತಿರುಗಿ ನೋಡಿ. ಕಾಲು ನೋಯುತ್ತಿದೆಯೇ, ಕೇಳಿ. ನಾಳೆಯೂ ಕೇಳಿ.

ನಾನು ಗುಡಿಯ ಗೇಟಿನ ಹತ್ತಿರವೇ ನಿಂತಿರುತ್ತೇನೆ. ಪೀಂ ಎಂದು ಕೇಳಿಸಿದರೆ, ಯಾರದು ಎಂದು ಬಗ್ಗಿ ನೋಡುತ್ತೇನೆ.